ಬಟ್ಟೆ ಕೋಣೆಯ ಹೊಸಬಳು

ಮಾರ್ಚ್ ೧೧, ಮಂಗಳವಾರ

ಪ್ರೀತಿಯ ಮರಿಗೆ,

ಅಕ್ಕನ ಆಶೀರ್ವಾದಗಳು. ಅರವತ್ತನಾಲ್ಕು ವರ್ಷದ, ಬೊಕ್ಕತಲೆಯ, ಮೊಮ್ಮಗನನ್ನು ಹೆಗಲ ಮೇಲೆ ಹೊತ್ತು ತಿರುಗುವ ಮನುಷ್ಯನನ್ನು ಮರಿ ಎಂದು ಕರೆಯುವವರು ಇನ್ನು ನಾನೊಬ್ಬಳೇ. ಆದ್ದರಿಂದ ಸಹಿಸಿಕೋ. ನೀನು, ನಿನ್ನ ಹೆಂಡತಿ, ಮಕ್ಕಳು ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ನಾನೂ ಚೆನ್ನಾಗಿದ್ದೇನೆ. ಮಂಡಿ ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ.

ನಿನ್ನ ಎರಡು ಪತ್ರಗಳೂ ಬಂದವು. ಎರಡಕ್ಕೂ ಉತ್ತರ ಬರೆಯಲಿಲ್ಲ. ಫೋನಿನಲ್ಲಿ ನೀನು ಆ ಮಾತು ಎತ್ತಿದಾಗಲೆಲ್ಲ ನಾನು ನಲ್ಲಿ ಸೋರುತ್ತಿದೆ, ಕೆಳಮನೆಯವರ ಬೆಕ್ಕು ಮರಿ ಹಾಕಿದೆ ಎಂದು ಎಲ್ಲೆಲ್ಲಿಗೋ ಹೋದೆ. ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಕೂತು ಮೂವತ್ತೊಂದು ವರ್ಷ ಊರವರ ಪ್ರಶ್ನೆಗಳಿಗೆಲ್ಲ ಪಟಪಟನೆ ಉತ್ತರ ಕೊಟ್ಟವಳು, ತಮ್ಮನ ಒಂದೇ ಒಂದು ಪ್ರಶ್ನೆಗೆ ನಾಲ್ಕು ತಿಂಗಳು ಬಾಯಿ ಬಿಡಲಿಲ್ಲ. ತಪ್ಪು ನನ್ನದೇ.

ಪ್ರಶ್ನೆ ನನಗೆ ಮರೆತಿಲ್ಲ. ಅಮ್ಮನನ್ನು ಕಳಿಸಿಕೊಟ್ಟ ಮರುದಿನ ನೀನು ಹೊರಟು ನಿಂತಿದ್ದೆ. ಮೆಟ್ಟಿಲ ಮೇಲೆ ಕೂತು ಬೂಟಿನ ಲೇಸು ಕಟ್ಟುತ್ತ, ತಲೆ ಎತ್ತದೆ ಕೇಳಿದೆ: “ಡಾಕ್ಟರು ಗುರುವಾರಾನೇ ಹೇಳಿದ್ರಂತೆ, ಎಲ್ಲರಿಗೂ ತಿಳಿಸ್ಬಿಡಿ ಅಂತ. ನೀನು ನಂಗೆ ಫೋನ್ ಮಾಡಿದ್ದು ಭಾನುವಾರ, ಎಲ್ಲಾ ಮುಗಿದ್ಮೇಲೆ. ಯಾಕಕ್ಕ?” ನಾನು “ರೈಲಿಗೆ ಹೊತ್ತಾಯ್ತು, ಹೊರಡು” ಅಂದೆ. ನೀನು ಹೊರಟೆ. ತಿರುವಿನಲ್ಲಿ ಒಂದು ಸಲ ತಿರುಗಿ ನೋಡುವ ಅಭ್ಯಾಸ ನಿನ್ನದು. ಅವತ್ತು ನೋಡಲಿಲ್ಲ.

ಉತ್ತರ ಬರೆಯಬೇಕೆಂದೇ ಇವತ್ತು ಕೂತಿದ್ದೇನೆ. ಆದರೆ ಮೊದಲು ಮನೆಯ ಸುದ್ದಿ. ನಾನು ಯಾವತ್ತು ನೇರ ವಿಷಯಕ್ಕೆ ಬಂದವಳು!

ಅಮ್ಮನ ಕೋಣೆಯನ್ನು ಕಳೆದ ತಿಂಗಳು ತೆರವು ಮಾಡಿದೆ. ಅವಳ ಕಬ್ಬಿಣದ ಮಂಚವನ್ನು ಕಿಟಕಿಯಿಂದ ಸರಿಸಿದಾಗ ನೆಲದ ಮೇಲೆ ನಾಲ್ಕು ಕಾಲಿನ ನಾಲ್ಕು ಗುಂಡಿ ಉಳಿದಿತ್ತು. ಬೀರುವಿನಲ್ಲಿ ಸೀರೆಗಳಿಗಿಂತ ಬೆಡ್‌ಶೀಟುಗಳೇ ಜಾಸ್ತಿ. ಮೂವತ್ತಾರು! ಆಸ್ಪತ್ರೆಯ ಬೆಡ್‌ಶೀಟು ಹೊಲಿದು ಜೋಡಿಸುವ ಕೆಲಸದಿಂದ ನಿವೃತ್ತಳಾಗಿ ಮೂವತ್ತೈದು ವರ್ಷವಾದರೂ ಅವಳ ಪಾಲಿಗೆ ಅಲ್ಲಿನ ಬಟ್ಟೆ ಕೋಣೆ ಮುಚ್ಚಿರಲೇ ಇಲ್ಲ. ಒಂದೊಂದೂ ಅಳತೆಯಿಟ್ಟು ಮಡಚಿದ್ದಳು. ಮಡಿಕೆಯ ಮೂಲೆ ಹಿಡಿದು ಎಳೆದರೆ ಪಕ್ಕದ್ದು ಅಲುಗಬಾರದು, ಹಾಗೆ.

ಅವಳ ಜೊತೆ ಕೆಲಸ ಮಾಡಿದ ಇಸ್ತ್ರಿ ಚಿಕ್ಕಮ್ಮ ನಿನಗೆ ನೆನಪಿದೆಯಲ್ಲ, ನಮಗೆ ಬಟ್ಟೆ ಗಂಟಿನ ಮೇಲೆ ಜಾರಾಟ ಆಡಲು ಬಿಡುತ್ತಿದ್ದವಳು? ಕೋಲೂರಿಕೊಂಡು ಮೂರು ಮಹಡಿ ಹತ್ತಿ ಬಂದಿದ್ದಳು. ಏದುಸಿರು ಬಿಡುತ್ತಲೇ ಮಾತು ಶುರು. “ನಿಮ್ಮಮ್ಮನ ಕಣ್ಣಿಂದ ಒಂದು ಶೀಟು ತಪ್ಪಿಸ್ಕೊಳ್ಳೋಕಾಗ್ತಿರ್ಲಿಲ್ಲ ಕಣೇ. ನಾನು ಇಸ್ತ್ರಿ ಮಾಡಿ ಇಟ್ಟಿದ್ದನ್ನೂ ಬಿಚ್ಚಿ ನೋಡೋಳು. ಎಷ್ಟು ಸಲ ಜಗಳ ಆಡಿದೀನಿ ಗೊತ್ತಾ!” ಆಮೇಲೆ ಒಂದು ಕತೆ ಹೇಳಿದಳು. ನಿನಗೆ ಗೊತ್ತಿಲ್ಲದೆ ಇರಬಹುದು.

ಒಮ್ಮೆ ಹೊಸ ಸೂಪರಿಂಟೆಂಡೆಂಟರು ಬಂದರಂತೆ. ಹಳೆಯ ಬೆಡ್‌ಶೀಟು ಹೊಲಿಯುತ್ತ ಕೂರುವುದು ದಂಡ, ಎಲ್ಲ ಎಸೆದು ಹೊಸದು ತರಿಸಿ ಎಂದರಂತೆ. ಅಮ್ಮ ಎರಡು ಮಂಚ ಹಾಕಿಸಿ, ಒಂದರ ಮೇಲೆ ಗಂಜಿಯ ಬಿಗಿ ಬಿಡದ ಹೊಸ ಶೀಟು, ಇನ್ನೊಂದರ ಮೇಲೆ ತಾನು ಹೊಲಿದ ಹಳೆಯದು ಹಾಸಿ, “ರೋಗಿಗಳು ಮಲಗೋದಲ್ವಾ ಸಾರ್, ನೀವೇ ಒಂದ್ಸಲ ಮಲಗಿ ನೋಡಿ” ಅಂದಳಂತೆ. ಅವರು ಹೊಸದರ ಮೇಲೆ ಎರಡು ನಿಮಿಷ ಹೊರಳಾಡಿದರು. ಹಳೆಯದರ ಮೇಲೆ ಮಲಗಿದವರು ಊಟದ ಗಂಟೆ ಹೊಡೆದರೂ ಏಳಲಿಲ್ಲ. ಅವರನ್ನು ಎಬ್ಬಿಸುವ ಧೈರ್ಯ ಯಾರಿಗೂ ಇರಲಿಲ್ಲವಂತೆ. ಕೊನೆಗೆ ಅಮ್ಮನೇ ಹೋಗಿ ಕಾಲ ಹತ್ತಿರ ಶೀಟು ಎಳೆದು, “ಏಳಿ ಸಾರ್, ಇದು ವಾರ್ಡಿಗೆ ಹೋಗ್ಬೇಕು” ಅಂದಳಂತೆ. ಇಸ್ತ್ರಿ ಚಿಕ್ಕಮ್ಮ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಹೋಗುವಾಗ ಹತ್ತು ಶೀಟು ಕೊಟ್ಟು ಕಳಿಸಿದೆ. ಇಳಿದು ಹೋಗಿ ಬೀದಿಯಲ್ಲಿ ನಿಂತು ಒಂದನ್ನು ಬಿಚ್ಚಿ ನೋಡುತ್ತಿದ್ದಳು.

ಅಮ್ಮನ ಆ ಕೆಲಸ ನಿನಗೆ ನೆನಪಿದೆಯೋ ಇಲ್ಲವೋ, ನೀನು ಯಾವತ್ತೂ ಸೂಜಿ ಮುಟ್ಟಿದವನಲ್ಲ. ಬೆಡ್‌ಶೀಟು ಮೊದಲು ಸವೆಯುವುದು ನಟ್ಟನಡುವೆ, ಮೈ ಭಾರ ಬೀಳುವ ಕಡೆ. ಅಂಚುಗಳು ಹೊಸದರಂತೆಯೇ ಇರುತ್ತವೆ. ಅಮ್ಮ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಹಿಂದೆ ಕೈಯಿಡುವಳು. ಬೆರಳು ಎಣಿಸಲು ಬಂದರೆ ಶೀಟಿನ ಸಮಯ ಬಂತೆಂದು ಅರ್ಥ. ಉದ್ದಕ್ಕೆ ನಡುವೆ ಕತ್ತರಿಸಿ, ಗಟ್ಟಿಯಾದ ಎರಡು ಅಂಚುಗಳನ್ನು ಒಂದಕ್ಕೊಂದು ಸೇರಿಸಿ ಹೊಲಿದರೆ ಅಂಚು ನಡುವಾಗುತ್ತದೆ, ಸವೆದ ನಡು ಬದಿಗೆ ಹೋಗುತ್ತದೆ. ಇನ್ನೈದು ವರ್ಷಕ್ಕೆ ಚಿಂತೆಯಿಲ್ಲ.

ಆಸ್ಪತ್ರೆಯಲ್ಲಿ ಬೇಡವೆಂದದ್ದೆಲ್ಲ ನಮ್ಮ ಮನೆಗೆ. ನಾವಿಬ್ಬರೂ ಒಂದೇ ಮಂಚದಲ್ಲಿ ಮಲಗುತ್ತಿದ್ದೆವಲ್ಲ, ನಡುವಿನ ಆ ಹೊಲಿಗೆಯೇ ನಮ್ಮ ಗಡಿ. ನಾನು ಗೋಡೆಯ ಪಕ್ಕ, ನೀನು ಈಚೆ. ದಿನಾ ನೀನು ಕಾಲು ದಾಟಿಸುವುದು, ದಿನಾ ನಾನು ಅಮ್ಮನಿಗೆ ದೂರು ಹೇಳುವುದು. ದಿನಾ ಒಂದೇ ತೀರ್ಪು: “ಅವನು ಚಿಕ್ಕವನು, ಸ್ವಲ್ಪ ಜಾಗ ಬಿಡೇ.” ಬಿಟ್ಟು ಬಿಟ್ಟು ಗೋಡೆಯ ಸುಣ್ಣವೆಲ್ಲ ನನ್ನ ಬೆನ್ನಿಗೆ.

ಅಪ್ಪ ಹೋದಾಗ ನಿನಗೆ ಐದು, ನನಗೆ ಒಂಬತ್ತು. ಮರುವರ್ಷ ನಿನಗೆ ಎರಡು ತಿಂಗಳು ಜ್ವರ. ಅಮ್ಮ ನಿನ್ನನ್ನು ಹೊತ್ತುಕೊಂಡು ಹೋಗಿ ಮಲಗಿಸಿದ್ದು ತಾನೇ ಹೊಲಿದ ಶೀಟುಗಳ ವಾರ್ಡಿನಲ್ಲಿ. ಕೆಳಗೆ ಹೊಲಿಯುವುದು, ಮೇಲೆ ಓಡಿ ಬಂದು ನಿನ್ನ ಹಣೆ ಮುಟ್ಟುವುದು, ಮತ್ತೆ ಕೆಳಗೆ. ನೀನು ಹುಷಾರಾಗಿ ಮನೆಗೆ ಬಂದೆ. ಅವಳ ಆ ಅಭ್ಯಾಸ ಮಾತ್ರ ಹುಷಾರಾಗಲಿಲ್ಲ. ಸಂಜೆ ಬಂದವಳು ಚಪ್ಪಲಿ ಬಿಡುವ ಮೊದಲು ನಿನ್ನ ಹಣೆ ಮುಟ್ಟಬೇಕು. ಬಾಗಿಲು ತೆಗೆಯುತ್ತಿದ್ದವಳು ನಾನು. ನನ್ನ ಪಕ್ಕದಿಂದ ಹಾದು ಒಳಗೆ ಹೋಗುತ್ತಿದ್ದಳು. ಹೊಟ್ಟೆಕಿಚ್ಚೇ ಎಂದು ಕೇಳಿದರೆ ಹೌದು, ಹೊಟ್ಟೆಕಿಚ್ಚೇ. ಇಷ್ಟು ವಯಸ್ಸಾದ ಮೇಲೆ ಸಂಕೋಚ ಏಕೆ?

ನಿನ್ನನ್ನು ಬೈಯಲು ಇದನ್ನು ಬರೆಯುತ್ತಿಲ್ಲ. ನೀನು ಕೇಳಿ ಪಡೆದದ್ದಲ್ಲ. ನೀನು ಲಿಫ್ಟ್ ಮೆಕ್ಯಾನಿಕ್ ಆಗಿ ದೂರದ ಊರಿಗೆ ಹೋದೆ, ಅಲ್ಲೇ ಸಂಸಾರ ಹೂಡಿದೆ, ತಿಂಗಳು ತಿಂಗಳು ತಪ್ಪದೆ ಬಂದು ನೋಡಿಕೊಂಡು ಹೋದೆ. ನಾನು ಇಲ್ಲೇ ಉಳಿದೆ. ಯಾರೂ ನನ್ನನ್ನು ಕಟ್ಟಿ ಹಾಕಿರಲಿಲ್ಲ. ಕೆಲಸ ಇತ್ತು, ಅಮ್ಮ ಇದ್ದಳು, ದಿನಗಳು ಹೋದವು.

ಈಗ ಹೊಸಬಳ ಕತೆಗೆ ಬರುತ್ತೇನೆ. ನಿನಗೆ ಗೊತ್ತಿರುವುದು ಅದರ ತಮಾಷೆಯ ಭಾಗ ಮಾತ್ರ.

ನಾನು ನಿವೃತ್ತಳಾಗಿ ಎರಡು ವರ್ಷ, ಅಮ್ಮನಿಗೆ ಎಂಬತ್ತೇಳು. ಒಂದು ಬೆಳಗ್ಗೆ ಚಹಾ ಕೊಟ್ಟೆ. ಲೋಟ ಹಿಡಿದುಕೊಂಡು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, “ಹೊಸಬಳಾ? ಯಾರು ಕಳಿಸಿದ್ರು?” ಎಂದಳು. ಒಂದು ವಾರ “ನಾನಮ್ಮ, ನಿನ್ನ ಮಗಳು” ಎಂದು ಹೇಳಿ ನೋಡಿದೆ. ಹೇಳಿದಷ್ಟೂ ಹೆದರಿದಳು, ಯಾರೋ ಮನೆಗೆ ನುಗ್ಗಿ ಮಗಳೆಂದು ಹೇಳಿಕೊಳ್ಳುತ್ತಿದ್ದಾರೆ ಎಂಬಂತೆ ಗೋಡೆಗೆ ಸರಿದು ಕೂತಳು. ಎಂಟನೆಯ ದಿನ ನಾನೇ ಸೋತು, “ಹೌದಮ್ಮ, ಹೊಸಬಳು. ಕೆಲಸ ಕಲೀಬೇಕು” ಅಂದೆ. ಆಗ ಅವಳ ಮುಖ ನೋಡಬೇಕಿತ್ತು! “ಬಾ, ಕೂತ್ಕೋ” ಎಂದು ಮಂಚದ ತುದಿ ತಟ್ಟಿದಳು. ಹೊಸಬಳೊಬ್ಬಳು ಹಿರಿಯ ಕೆಲಸದವಳನ್ನು ಅಮ್ಮ ಎಂದರೆ ಯಾರೂ ಏನೂ ಅಂದುಕೊಳ್ಳುವುದಿಲ್ಲ. ಅಷ್ಟು ನನಗೆ ಉಳಿಯಿತು.

ಅವತ್ತಿನಿಂದ ದಿನಾ ಒಂಬತ್ತಕ್ಕೆ ನನ್ನ ಡ್ಯೂಟಿ. ಅರವತ್ತೆರಡನೆಯ ವಯಸ್ಸಿನಲ್ಲಿ ಅಂಚು ಮಡಚಿ ಹೊಲಿಯಲು ಕಲಿತೆ. ಅಮ್ಮ ಬೆರಳಿನಿಂದ ಹೊಲಿಗೆ ಸವರಿ, “ಸೊಟ್ಟ ಹೋಗಿದೆ. ಬಿಚ್ಚು” ಎನ್ನುವಳು. ಬಿಚ್ಚುವೆ. “ಮತ್ತೆ ಬಿಚ್ಚು.” ಒಂದು ದಿನ ರೋಸಿಹೋಗಿ, “ನಿಮ್ಮಮ್ಮ ನಿಂಗೆ ಸೂಜಿ ಹಿಡಿಯೋದನ್ನೂ ಕಲಿಸ್ಲಿಲ್ವಾ?” ಎಂದು ಕೇಳಿದಳು.

“ಇಲ್ಲಮ್ಮ. ಅವರಿಗೆ ಪುರುಸೊತ್ತಿರ್ಲಿಲ್ಲ” ಅಂದೆ.

“ಪಾಪ” ಎಂದಳು. ನನ್ನನ್ನು ಪಾಪ ಎಂದಳೋ, ಆ ತಾಯಿಯನ್ನೋ, ಕೇಳಲಿಲ್ಲ.

ಕೆಲಸ ಮಾಡುತ್ತ ತನ್ನ ಮಕ್ಕಳ ಸುದ್ದಿ ಹೇಳುವಳು. ನಿನ್ನ ಸುದ್ದಿಯೇ ಮುಕ್ಕಾಲು. ಮಗ ಹತ್ತು ಮಹಡಿಯ ಲಿಫ್ಟು ಒಬ್ಬನೇ ರಿಪೇರಿ ಮಾಡುತ್ತಾನೆ, ಮಗನ ಕೈ ಬೆಚ್ಚಗೆ. “ಮಗಳಿಲ್ವಾ ಅಮ್ಮ?” ಎಂದು ಒಮ್ಮೆ ನಾನೇ ಕೇಳಿದೆ. ಕೇಳಬಾರದಿತ್ತು. “ಇದಾಳೆ. ಅವಳ ಯೋಚನೆ ಏನಿಲ್ಲ, ಅವಳು ಹೇಗೋ ನೋಡ್ಕೋತಾಳೆ” ಎಂದು ದಾರ ಕಚ್ಚಿ ತುಂಡು ಮಾಡಿದಳು.

ನೀನು ಬಂದಾಗ ಮಾತ್ರ ಗುರುತು ಒಂದು ಸಲವೂ ತಪ್ಪಲಿಲ್ಲ. ಮೆಟ್ಟಿಲ ಮೇಲೆ ನಿನ್ನ ಹೆಜ್ಜೆ ಕೇಳಿದರೆ ಸಾಕು, “ಮರಿ ಬಂದ” ಎನ್ನುವಳು. ನಿನಗೆ ನನ್ನನ್ನು ಪರಿಚಯ ಮಾಡಿಸಿದ್ದು ನೆನಪಿದೆಯಾ? “ಇವಳು ಹೊಸಬಳು. ಕೈ ಒರಟು, ಆದ್ರೆ ಒಳ್ಳೆ ಹುಡುಗಿ.” ನೀನು ಬಿದ್ದು ಬಿದ್ದು ನಕ್ಕೆ, “ಅಕ್ಕ, ಕೆಲಸ ಖಾಯಂ ಆಯ್ತಾ?” ಎಂದು ರೇಗಿಸಿದೆ. ನಾನೂ ನಕ್ಕೆ. ನೀನು ಹೊರಟ ಮೇಲೆ ಪಾತ್ರೆಗಳನ್ನು ಸ್ವಲ್ಪ ಜೋರಾಗಿ ತೊಳೆದೆ.

ಇನ್ನೊಂದು ವಿಷಯ ಒಪ್ಪಿಕೊಳ್ಳಬೇಕು. ನೀನು ತಂದುಕೊಟ್ಟ ಆ ಹೂವಿನ ಬೆಡ್‌ಶೀಟು ಜೋಪಾನವಾಗಿ ಪೆಟ್ಟಿಗೆಯಲ್ಲಿದೆ ಎಂದು ಹೇಳುತ್ತ ಬಂದೆನಲ್ಲ, ಅದು ಸುಳ್ಳು. ನೀನು ರೈಲು ಹತ್ತಿದ ಎರಡನೆಯ ದಿನವೇ ಅಮ್ಮ ಅದನ್ನು ನಡುವೆ ಕತ್ತರಿಸಿ ಹೊಲಿದುಬಿಟ್ಟಿದ್ದಳು. ಹೊಚ್ಚ ಹೊಸದು, ಲೇಬಲ್ಲೂ ಕಿತ್ತಿರಲಿಲ್ಲ! ಕೇಳಿದರೆ “ತೆಳ್ಳಗಾಗಿತ್ತು” ಎಂದಳು. ಹೂವುಗಳೆಲ್ಲ ಅರ್ಧರ್ಧವಾಗಿ ಎದುರುಬದುರು ಕೂತಿವೆ. ನಾನು ಅದರ ಮೇಲೆಯೇ ಮಲಗುತ್ತೇನೆ.

ಸರಿ, ಈಗ ನಿನ್ನ ಗುರುವಾರ.

ಅಮ್ಮನಿಗೆ ಮಂಗಳವಾರದಿಂದ ಊಟ ಸೇರಿರಲಿಲ್ಲ. ಗುರುವಾರ ಬೆಳಗ್ಗೆ ಡಾಕ್ಟರು ಬಂದರು. ಗೊತ್ತಲ್ಲ, ನಮ್ಮ ಬೀದಿಯ ಆ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಅಮ್ಮ ಅವರ ಬಿಳಿ ಕೋಟಿನ ತುದಿ ಹಿಡಿದು ಬೆಳಕಿಗೆ ತಿರುಗಿಸಿ ನೋಡಿ, “ಇದು ಇನ್ನಾರು ತಿಂಗಳು ಬರುತ್ತೆ” ಅಂದಳು. ಡಾಕ್ಟರು ನಕ್ಕರು. ಹೊರಗೆ ಬಂದು ನನ್ನ ತೋಳು ಮುಟ್ಟಿ, “ಆಂಟಿ, ಬರಬೇಕಾದವರಿಗೆಲ್ಲ ಹೇಳ್ಬಿಡಿ. ಎರಡ್ಮೂರು ದಿನ ಅಷ್ಟೆ” ಎಂದರು. ನಿನಗೆ ಅವರು ಹೇಳಿದ್ದು ನಿಜ.

ಹಿಂದೆ ಎರಡು ಸಲ ಇದೇ ಮಾತು ಕೇಳಿದ್ದೆವಲ್ಲ? ಎರಡು ಸಲವೂ ನೀನು ಕೆಲಸ ಬಿಟ್ಟು ಎದ್ದೆನೋ ಬಿದ್ದೆನೋ ಎಂದು ಓಡಿ ಬಂದೆ. ಎರಡು ಸಲವೂ ಅಮ್ಮ ಎದ್ದು ಕೂತು ಬ್ರೆಡ್ಡು ಹಾಲು ಕೇಳಿದಳು. ಮೂರನೆಯ ಸಲವೂ ಹಾಗೆಯೇ ಆಗುತ್ತದೆ, ನಿನ್ನನ್ನು ಸುಮ್ಮನೆ ಗಾಬರಿ ಮಾಡುವುದು ಬೇಡ ಎಂದುಕೊಂಡೆ. ನಿನಗೂ ಬೀಪಿ ಇದೆ. ಇದೇ ಕಾರಣ. ತಪ್ಪಾಯಿತು. ದೊಡ್ಡ ಮನಸ್ಸು ಮಾಡಿ ಮರೆತುಬಿಡು.

ಅವಳು ಕಷ್ಟಪಡಲಿಲ್ಲ, ಇದನ್ನು ಮಾತ್ರ ನಂಬು. ತೊಂಬತ್ತಮೂರು ವರ್ಷ ದುಡಿದ ಜೀವ, ಉಸಿರು ನಿಧಾನವಾಗುತ್ತ ಆಗುತ್ತ ನಿಂತಿತು. ನೋಡಲು ಬಂದವರೆಲ್ಲ ಪುಣ್ಯಾತ್ಗಿತ್ತಿ ಎಂದರು. ನಾನೂ ತಲೆಯಾಡಿಸಿದೆ.

ಮೊಮ್ಮಗನನ್ನು ಹೆಗಲ ಮೇಲೆ ಕೂರಿಸುವಾಗ ಬೆನ್ನು ನೋಡಿಕೋ. ನಿನ್ನ ಹೆಂಡತಿಗೆ ನನ್ನ ನೆನಪು ಹೇಳು, ಅವಳ ಸ್ವೆಟರು ಇಲ್ಲೇ ಉಳಿದಿದೆ. ನಿಮಗೆಲ್ಲ ಒಳ್ಳೆಯದಾಗಲಿ. ನಿನ್ನ ಕೈಗಳು ಬೆಚ್ಚಗಿರಲಿ.

ಇಂತಿ,
ಗೋಡೆ ಪಕ್ಕದ ನಿನ್ನ ಅಕ್ಕ

ತಾ. ಕ.: ಬುಧವಾರ ಬೆಳಗ್ಗೆ. ಲಕೋಟೆ ಹಿಡಿದು ಅಂಚೆ ಡಬ್ಬದವರೆಗೆ ಹೋಗಿ ವಾಪಸು ಬಂದೆ, ಮರಿ. ಮೇಲೆ ಬರೆದ ಕಾರಣ ಒಪ್ಪುವಂಥದ್ದೇ. ಆದರೆ ಅದು ನನ್ನ ಕಾರಣವಲ್ಲ.

ಗುರುವಾರ ಡಾಕ್ಟರು ಮೆಟ್ಟಿಲಿಳಿದು ಹೋದ ಕೂಡಲೇ ನಾನು ಫೋನು ಕೈಗೆತ್ತಿಕೊಂಡಿದ್ದೆ. ನಿನ್ನ ನಂಬರು ಅರ್ಧ ಒತ್ತಿದ್ದೆ. ಒಳಗಿನಿಂದ ಅಮ್ಮ “ದೊಡ್ಡವಳೇ” ಎಂದು ಕರೆದಳು. ಆರು ವರ್ಷದ ಮೇಲೆ ನನ್ನನ್ನು ಹಾಗೆ ಕರೆದದ್ದು ಅದೇ ಮೊದಲ ಸಲ. ಓಡಿ ಹೋದೆ. ನನ್ನ ತಲೆ ಸವರಿ, “ಇಷ್ಟೊಂದು ಬಿಳಿ ಕೂದಲು ಯಾವಾಗ ಬಂತೇ ನಿಂಗೆ? ಸರಿಯಾಗಿ ಊಟ ಮಾಡ್ತಿದ್ಯಾ?” ಎಂದು ಕೇಳಿದಳು. ಆಮೇಲೆ, “ನಿಂಗೆ ನಾನು ಏನೂ ಕಲಿಸ್ಲಿಲ್ಲ, ಅಲ್ವಾ” ಎಂದಳು.

ನಾನು ಫೋನು ಇಟ್ಟುಬಿಟ್ಟೆ. ನೀನು ಬಂದರೆ ಅವಳ ಕಣ್ಣು ನಿನ್ನ ಮೇಲೆ ಹೋಗುತ್ತದೆ, ನಾನು ಮತ್ತೆ ಹೊಸಬಳಾಗುತ್ತೇನೆ ಎಂಬುದೊಂದೇ ನನ್ನ ತಲೆಯಲ್ಲಿದ್ದದ್ದು. ಇವತ್ತೊಂದು ದಿನ ಇರಲಿ, ನಾಳೆ ಮಾಡುತ್ತೇನೆ ಎಂದುಕೊಂಡೆ. ಶುಕ್ರವಾರವೂ ನನ್ನನ್ನು ಗುರುತಿಸಿದಳು. ನನ್ನ ಕೆಲಸದ ವಿಷಯ ಕೇಳಿದಳು. ನಾನು ಮಾತಾಡಿದೆ, ಅವಳು ಕೇಳಿಸಿಕೊಂಡಳು. ಹಾಗೆ ನಾವಿಬ್ಬರೂ ಯಾವತ್ತೂ ಕೂತಿರಲಿಲ್ಲ. ಅವತ್ತೂ ಫೋನು ಮಾಡಲಿಲ್ಲ.

ಶನಿವಾರ ಮಧ್ಯಾಹ್ನ ಅವಳೇ ಕೇಳಿದಳು, “ಮರಿಗೆ ಹೇಳಿದ್ಯಾ?”

“ಹೇಳಿದೀನಮ್ಮ. ಹೊರಟಿದಾನೆ” ಅಂದೆ.

ಆಗಲಾದರೂ ಹೇಳಬಹುದಿತ್ತು. ನೀನು ರಾತ್ರಿ ಒಂಬತ್ತರ ರೈಲು ಹತ್ತಿದ್ದರೆ ಭಾನುವಾರ ಬೆಳಗ್ಗೆ ಏಳಕ್ಕೆ ಇಲ್ಲಿರುತ್ತಿದ್ದೆ. ಆದರೆ ಯಾಕಿಷ್ಟು ತಡ ಎಂದು ನೀನು ಕೇಳುತ್ತಿದ್ದೆ. ಅದಕ್ಕೆ ಹೆದರಿದೆ. ಅಮ್ಮ ನನ್ನ ಮಾತು ನಂಬಿ ಬಾಗಿಲ ಕಡೆ ಹೊರಳಿ ಮಲಗಿದಳು. ಮತ್ತೆ ಈಚೆ ತಿರುಗಲಿಲ್ಲ. ಭಾನುವಾರ ಬೆಳಗ್ಗೆ ಹತ್ತು ಗಂಟೆಯವರೆಗೆ, ಕೈ ನನ್ನ ಕೈಯಲ್ಲಿಟ್ಟುಕೊಂಡು, ನಿನ್ನ ದಾರಿ ನೋಡಿದಳು.